ಗುತ್ತಿಗೆಯ ತೊಗಲು: ಅಮೆರಿಕ ವಾಯುಪಡೆಯ ಇಂದಿನ ಎ-2 ಜಾಕೆಟ್

ಅಮೆರಿಕದ ವಾಯುಪಡೆ ತನ್ನ ವಿಮಾನ ಸಿಬ್ಬಂದಿಗೆ ವಿತರಿಸುವ ಎ-2 ಎಂಬ ತೊಗಲಿನ ಜಾಕೆಟ್ಟನ್ನು ನಾನು ಆರು ಚಳಿಗಾಲಗಳಿಂದ ತೊಡುತ್ತಿದ್ದೇನೆ. ಎರಡನೆಯ ಮಹಾಯುದ್ಧದ ಕಾಲದ ಮೂಲ ಎ-2ಗಳು ಈಗ ಗಾಜಿನ ಪೆಟ್ಟಿಗೆಯೊಳಗೆ ಇರಬೇಕಾದ ವಸ್ತುಗಳಾಗಿವೆ. ಅವುಗಳ ಹೊಲಿಗೆ ಹೊಲಿಗೆಯನ್ನೂ ಅನುಕರಿಸಿ ಇಂದು ತಯಾರಾಗುವ ಪ್ರತಿಕೃತಿಗಳ ಬೆಲೆ ಸಂಬಳದ ಮನುಷ್ಯನಿಗೆ ಎಟುಕುವಂಥದ್ದಲ್ಲ. ಇವೆರಡರ ನಡುವೆ ಹೆಚ್ಚು ಜನ ಗಮನಿಸದ ಮೂರನೆಯದೊಂದಿದೆ. 1988ರಲ್ಲಿ ವಾಯುಪಡೆ ಹೊಸದಾಗಿ ಗುತ್ತಿಗೆ ಕೊಟ್ಟು ಹೊಲಿಸಲು ಆರಂಭಿಸಿದ, ಸೇವೆಯಿಂದ ನಿವೃತ್ತರಾದವರ ಮನೆಗಳಿಂದ ಮಿಲಿಟರಿ ಹಳೆಸಾಮಾನಿನ ಅಂಗಡಿಗಳಿಗೆ ಬಂದು ಸೇರುವ, ಆಡಿನ ತೊಗಲಿನ ಎ-2 ಅದು. ಸಂಗ್ರಹಕಾರರಲ್ಲಿ ಹಲವರು ಇದನ್ನು ತೀರಾ ಹಗುರವಾಗಿ ಕಾಣುತ್ತಾರೆ. ಅದು ತಪ್ಪು ಎಂದು ನನಗೆ ಮನವರಿಕೆಯಾಗಿದೆ. ಏಕೆ ಎಂಬುದನ್ನು, ಅದರ ದೋಷಗಳನ್ನೂ ಮುಚ್ಚಿಡದೆ, ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಒಹಾಯೊ ರಾಜ್ಯದ ಡೇಟನ್ ನಗರದ ಸಮೀಪ. ಈ ಜಾಕೆಟ್ಟಿನ ತವರೂ ಇದೇ ಎನ್ನಬಹುದು. ಇಂದಿನ ವಾಯುಪಡೆಯ ಪೂರ್ವರೂಪವಾದ ಅಂದಿನ ಆರ್ಮಿ ಏರ್ ಕೋರ್ ತನ್ನ ಉಡುಪು, ಸಲಕರಣೆಗಳನ್ನು ಪರೀಕ್ಷಿಸಿ ನಿಗದಿಪಡಿಸುತ್ತಿದ್ದುದು ಇಲ್ಲಿನ ರೈಟ್ ಫೀಲ್ಡ್ ಎಂಬ ವಾಯುನೆಲೆಯಲ್ಲಿ. ಗುಂಡಿ ಹಾಕುವ, ಹೆಣಿಗೆಯ ಕಾಲರಿನ ಎ-1ಕ್ಕೆ ಬದಲಾಗಿ ಜಿಪ್ ಇರುವ, ತೊಗಲಿನದೇ ಮಡಿಕೆ ಕಾಲರಿನ ಎ-2 ಅಂಗೀಕೃತವಾದದ್ದು 1931ರ ಮೇ 9ರಂದು. ಆಗ ಬಳಸುತ್ತಿದ್ದುದು ಹೆಚ್ಚಾಗಿ ಕುದುರೆಯ ತೊಗಲು. 1943ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ತೊಗಲನ್ನು ಬಿಟ್ಟು ಬಟ್ಟೆಯ ಜಾಕೆಟ್ಟುಗಳತ್ತ ವಾಯುಪಡೆ ತಿರುಗಿದ್ದರಿಂದ ಎ-2ರ ಹೊಸ ಗುತ್ತಿಗೆಗಳು ನಿಂತವು. ಅಲ್ಲಿಂದ ನಲವತ್ತೈದು ವರ್ಷ ಅದು ನೆನಪಿನ ವಸ್ತುವಾಗಿಯೇ ಉಳಿಯಿತು. 1988ರಲ್ಲಿ ಅದು ಮರಳಿ ಬಂದದ್ದು ಹಾರಾಟದ ಅಗತ್ಯಕ್ಕಾಗಿ ಅಲ್ಲ ಎಂಬುದನ್ನು ಕೊಳ್ಳುವವರು ಮೊದಲೇ ತಿಳಿದಿರಬೇಕು. ಕಾಕ್‌ಪಿಟ್ಟಿನೊಳಗೆ ತೊಡಲು ಬೆಂಕಿಗೆ ಬೇಗ ಹೊತ್ತಿಕೊಳ್ಳದ ನೋಮೆಕ್ಸ್ ಬಟ್ಟೆಯ ಸಿಡಬ್ಲ್ಯುಯು-36/ಪಿ ಮತ್ತು ಸಿಡಬ್ಲ್ಯುಯು-45/ಪಿ ಜಾಕೆಟ್ಟುಗಳು ಆಗಲೇ ಇದ್ದವು. ತರಬೇತಾದ ಪೈಲಟ್‌ಗಳು ಸೇವೆ ಬಿಟ್ಟು ನಾಗರಿಕ ವಿಮಾನ ಕಂಪನಿಗಳಿಗೆ ಹೋಗುತ್ತಿದ್ದ ಆ ದಿನಗಳಲ್ಲಿ, ತಾವು ಒಂದು ಪರಂಪರೆಗೆ ಸೇರಿದವರೆಂಬ ಅಭಿಮಾನವನ್ನು ಅವರಲ್ಲಿ ಉಳಿಸುವುದು ವಾಯುಪಡೆಯ ಉದ್ದೇಶವಾಗಿತ್ತು. ಹೊಸ ಜಾಕೆಟ್ಟುಗಳನ್ನು ಮೊದಲು ಹೊಲಿದುಕೊಟ್ಟದ್ದು ನ್ಯೂಜೆರ್ಸಿಯ ಕೂಪರ್ ಸ್ಪೋರ್ಟ್ಸ್‌ವೇರ್. ಬಳಿಕ ಬೇರೆ ಬೇರೆ ತಯಾರಕರು ಗುತ್ತಿಗೆ ಪಡೆದರು. ಅಮೆರಿಕದ ಸೇನೆ ಕೊಳ್ಳುವ ಉಡುಪು ಅಮೆರಿಕದಲ್ಲೇ ತಯಾರಾಗಿರಬೇಕೆಂದು 1941ರಿಂದ ಇರುವ ಬೆರಿ ತಿದ್ದುಪಡಿಯೆಂಬ ಕಾನೂನು ಹೇಳುವುದರಿಂದ, ಈ ಜಾಕೆಟ್ಟುಗಳ ಹೊಲಿಗೆ ಆ ದೇಶದ್ದೇ.

ಈಗ ತೊಗಲಿನ ವಿಷಯ. ಇದೇ ಈ ಜಾಕೆಟ್ಟಿನ ಹೆಚ್ಚುಗಾರಿಕೆ. ಆಡಿನ ತೊಗಲಿನ ನಾರುಗಳು ಒತ್ತೊತ್ತಾಗಿ ಹೆಣೆದುಕೊಂಡಿರುವುದರಿಂದ, ತೆಳ್ಳಗಿದ್ದರೂ ಅದು ಸುಲಭವಾಗಿ ಹರಿಯುವುದಿಲ್ಲ, ಉಜ್ಜಿದರೆ ಬೇಗ ಸವೆಯುವುದಿಲ್ಲ. ಕರ್ನಾಟಕದ ತೊಗಲುಗೊಂಬೆಯಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೀಪದ ಬೆಳಕು ಆಚೆ ಹಾಯುವಷ್ಟು ತೆಳುವಾಗಿ ಹದ ಮಾಡಿದ ಆಡಿನ ತೊಗಲಿನ ಗೊಂಬೆ, ತಲೆಮಾರುಗಳ ಕಾಲ ಕುಣಿದರೂ ಗಟ್ಟಿಯಾಗಿಯೇ ಇರುತ್ತದೆ. ಜಾಕೆಟ್ಟಿನ ತೊಗಲು ಅದಕ್ಕಿಂತ ದಪ್ಪ, ಹದವೂ ಬೇರೆ, ಆದರೆ ಗುಣ ಅದೇ. ಕಿಟಕಿಯ ಬಳಿ ಹಿಡಿದು ನೋಡಿದರೆ ಮೇಲ್ಮೈಯ ತುಂಬ ಸಣ್ಣ ಸಣ್ಣ ಗುಳ್ಳೆಗಳಂಥ ಉಬ್ಬುತಗ್ಗು ಕಾಣುತ್ತದೆ. ಬೆನ್ನಿನ ನಡುಭಾಗದಲ್ಲಿ ಅದು ದಟ್ಟವಾಗಿ, ಕಂಕುಳಿನ ಕಡೆಗೆ ಸಾಗುತ್ತ ನುಣುಪಾಗುತ್ತದೆ. ಯಂತ್ರದಿಂದ ಅಚ್ಚೊತ್ತಿದ ಹಸುವಿನ ತೊಗಲಿನಲ್ಲಿ ಈ ವ್ಯತ್ಯಾಸ ಇರುವುದಿಲ್ಲ, ಎಲ್ಲೆಡೆಯೂ ಒಂದೇ ಮಾದರಿ ಇರುತ್ತದೆ. ಅಂಗಡಿಯಲ್ಲಿ ತೊಗಲನ್ನು ಪರೀಕ್ಷಿಸಲು ನನಗೆ ಗೊತ್ತಿರುವ ಅತ್ಯುತ್ತಮ ಉಪಾಯ ಇದು.

ನನ್ನ ಜಾಕೆಟ್ಟಿನ ಬಣ್ಣ ಮೊದಲು ಕಪ್ಪು ಬೆರೆತ ಕಂದಾಗಿತ್ತು. ಈಗ ತೋಳಿನ ಮಡಿಕೆಗಳಲ್ಲಿ, ಜೇಬಿನ ಮುಚ್ಚಳದ ಅಂಚಿನಲ್ಲಿ, ಕಾರಿನ ಸೀಟ್ ಬೆಲ್ಟ್ ಉಜ್ಜುವ ಎಡಭುಜದ ಓರೆಗೆರೆಯಲ್ಲಿ ಕಂದು ತಿಳಿಯಾಗಿ, ಬೆಲ್ಲದ ಪಾಕದ ಬಣ್ಣಕ್ಕೆ ಬಂದಿದೆ. ಮೊಣಕೈಯ ಒಳಮಗ್ಗುಲಿನಲ್ಲಿ ಮೂರು ಮಡಿಕೆಗಳು ಖಾಯಂ ಆಗಿ ಕೂತಿವೆ. ಮೊಳೆಗೆ ತೂಗುಹಾಕಿದಾಗಲೂ ತೋಳುಗಳು ನನ್ನ ಕೈ ಬಾಗಿದಂತೆಯೇ ತುಸು ಬಾಗಿರುತ್ತವೆ. ಮೊದಲ ವರ್ಷದ ಬಿರುಸು ಎರಡನೆಯ ಚಳಿಗಾಲದ ನಡುವಿಗೆ ಹೋಯಿತು. ಕುದುರೆ ತೊಗಲಿನ ಪ್ರತಿಕೃತಿಯೊಂದನ್ನು ಸ್ನೇಹಿತರಿಂದ ಎರವಲು ಪಡೆದು ಒಂದು ವಾರ ತೊಟ್ಟಿದ್ದೇನೆ. ಅದರ ಹೊಳಪಿಗೆ, ಅದರ ಮಡಿಕೆಗಳ ಗಾಂಭೀರ್ಯಕ್ಕೆ ಇದು ಸಮನಲ್ಲ ಎಂದು ಒಪ್ಪುತ್ತೇನೆ. ಆದರೆ ದಿನವಿಡೀ ಮೈಮೇಲಿರುವ ಉಡುಪಾಗಿ ಆಡಿನ ತೊಗಲೇ ನನಗೆ ಹಿತ. ಭುಜದ ಮೇಲೆ ಹೊರೆ ಹೊತ್ತಂತೆ ಆಗುವುದಿಲ್ಲ.

ಕಟ್ಟುವಿಕೆಯಲ್ಲಿ ಅಲಂಕಾರವೆಂಬುದಿಲ್ಲ. ಭುಜಪಟ್ಟಿಗಳು ಎರಡು, ಮೇಲಿನಿಂದ ಕೈ ಇಳಿಸುವ ತೇಪೆಜೇಬುಗಳು ಎರಡು, ಜಿಪ್ಪಿನ ಹಿಂದೆ ಗಾಳಿ ತಡೆಯುವ ಒಂದು ತೊಗಲ ಪಟ್ಟಿ, ಕಾಲರಿನ ತುದಿ ಹಾರದಂತೆ ಅದರ ಅಡಿಯಲ್ಲಿ ಅಡಗಿದ ಟಿಚ್ ಬಟನ್, ಮಣಿಕಟ್ಟಿಗೂ ಸೊಂಟಕ್ಕೂ ಹೆಣಿಗೆಯ ಪಟ್ಟಿ. ಯುದ್ಧಕಾಲದ ಎ-2ರಲ್ಲಿ ಕೈ ಬೆಚ್ಚಗಿಡಲು ಪಕ್ಕದ ಜೇಬು ಇರಲಿಲ್ಲ. ಜೇಬಿನಲ್ಲಿ ಕೈ ತೂರಿ ನಿಲ್ಲುವುದು ಸೈನಿಕನಿಗೆ ಶೋಭಿಸದು ಎಂಬುದು ಅದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ. 1988ರ ಜಾಕೆಟ್ಟುಗಳೂ ಹಾಗೆಯೇ ಬಂದವು. ನಂತರದ ಗುತ್ತಿಗೆಗಳಲ್ಲಿ ತೇಪೆಜೇಬಿನ ಹಿಂದೆ ಪಕ್ಕದಿಂದ ಕೈ ಹಾಕುವ ಇನ್ನೊಂದು ಜೇಬು ಸೇರಿತು. ಸಂಪ್ರದಾಯಸ್ಥ ಸಂಗ್ರಹಕಾರರು ಇದನ್ನು ಕಂಡು ಮುಖ ಸಿಂಡರಿಸುತ್ತಾರೆ. ಜನವರಿಯ ಬೆಳಗ್ಗೆ ಬಸ್ಸಿಗೆ ಕಾದು ನಿಂತವನಿಗೆ ಮಾತ್ರ ಅದರ ಬೆಲೆ ತಿಳಿಯುತ್ತದೆ. ತೊಡಲೆಂದು ಕೊಳ್ಳುವವರಿಗೆ ಈ ಪಕ್ಕದ ಜೇಬಿನ ನಂತರದ ಮಾದರಿಯನ್ನೇ ನಾನು ಹೇಳುವುದು.

ದೊಡ್ಡ ದೋಷ ಕತ್ತರಿಕೆಯಲ್ಲಿದೆ. ಯುದ್ಧಕಾಲದ ಎ-2 ಒಂದು ಅಂಗಿಯ ಮೇಲೆ ಬಿಗಿಯಾಗಿ ಕೂರುವ, ಸೊಂಟದ ಬಳಿ ನಿಲ್ಲುವ ಚುರುಕಾದ ಉಡುಪಾಗಿತ್ತು. 1988ರ ನಂತರದ್ದು ಅದಕ್ಕಿಂತ ಬಹಳ ಸಡಿಲ. ಕಂಕುಳಿನಲ್ಲೂ ನಡುವಿನಲ್ಲೂ ತೊಗಲು ಹೆಚ್ಚು, ತೋಳು ಅಗಲ, ಕಾಲರ್ ಮೂಲದಷ್ಟು ಸೊಗಸಾಗಿ ಕೂರುವುದಿಲ್ಲ. ಕೈ ಎತ್ತಿದರೆ ಇಡೀ ಜಾಕೆಟ್ ಮೇಲೇರುತ್ತದೆ. ನಾನು ಮೊದಲು ಕೊಂಡದ್ದು 42ರ ಅಳತೆ. ಸೂಟು ಹೊಲಿಸುವಾಗ ನನ್ನದು 40, ಒಳಗೆ ಸ್ವೆಟರ್ ಹಾಕಬೇಕಲ್ಲ ಎಂದು ಒಂದು ಅಳತೆ ಹೆಚ್ಚಿಸಿಕೊಂಡಿದ್ದೆ. ಕನ್ನಡಿಯ ಮುಂದೆ ನಿಂತಾಗ ಅಣ್ಣನ ಅಂಗಿ ತೊಟ್ಟ ತಮ್ಮನಂತೆ ಕಂಡಿತು. ಅದನ್ನು ಸಹೋದ್ಯೋಗಿಯೊಬ್ಬರಿಗೆ ಕೊಟ್ಟು 38ನ್ನು ಹುಡುಕಿ ತಂದೆ. ಅದು ಒಳಗೊಂದು ತೆಳು ಸ್ವೆಟರಿಗೂ ಜಾಗ ಬಿಟ್ಟು ಹದವಾಗಿ ಕೂತಿದೆ. ಆದ್ದರಿಂದ ಚೀಟಿಯ ಮೇಲಿನ ಅಂಕಿಯನ್ನು ನಂಬದೆ, ಜಾಕೆಟ್ಟನ್ನು ಮೇಜಿನ ಮೇಲೆ ಹರಡಿ, ಜಿಪ್ ಎಳೆದು, ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿನವರೆಗೆ ಅಳೆಯಿರಿ. ನಿಮಗೆ ಸರಿಹೊಂದುವ ಬೇರೊಂದು ಜಾಕೆಟ್ಟಿನ ಅದೇ ಅಳತೆಯೊಂದಿಗೆ ಹೋಲಿಸಿದ ಮೇಲಷ್ಟೇ ದುಡ್ಡು ಕೊಡಿ. ಭುಜದ ಅಗಲವನ್ನೂ ಹಾಗೆಯೇ ನೋಡಬೇಕು. ತೋಳಿನ ಉದ್ದವನ್ನು ಹೆಣಿಗೆಪಟ್ಟಿ ಬದಲಿಸುವಾಗ ತುಸು ಸರಿಪಡಿಸಬಹುದು, ಭುಜವನ್ನು ಯಾವ ದರ್ಜಿಯೂ ಸರಿಪಡಿಸಲಾರ.

ಚೀಟಿಯ ವಿಷಯಕ್ಕೆ ಬಂದೆನಾದ್ದರಿಂದ ಅದನ್ನು ಓದುವುದು ಹೇಗೆಂದು ಹೇಳಿಬಿಡುತ್ತೇನೆ. ಸಂಗ್ರಹಕ್ಕೆ ಇಳಿದವರು ಮೊದಲು ಕಲಿಯಬೇಕಾದ ಅಕ್ಷರಮಾಲೆ ಇದು. ವಿತರಣೆಯ ಜಾಕೆಟ್ಟಿನ ಕೊರಳಪಟ್ಟಿಯ ಒಳಗಿನ ಚೀಟಿಯಲ್ಲಿ ಅಳತೆ, ಗುತ್ತಿಗೆಯ ಸಂಖ್ಯೆ, ದಾಸ್ತಾನಿನ ಸಂಖ್ಯೆ, ತಯಾರಕರ ಹೆಸರು ಇರುತ್ತವೆ. ಗುತ್ತಿಗೆಯ ಸಂಖ್ಯೆ ‘ಡಿಎಲ್‌ಎ100’ ಎಂದು ಆರಂಭವಾಗಿದ್ದರೆ, ಅದು ರಕ್ಷಣಾ ಸರಬರಾಜು ಸಂಸ್ಥೆಯ ಗುರುತು. ಅದರ ಮುಂದಿನ ಎರಡು ಅಂಕಿಗಳು ಗುತ್ತಿಗೆಯ ಆರ್ಥಿಕ ವರ್ಷವನ್ನು ಹೇಳುತ್ತವೆ. 88 ಎಂದಿದ್ದರೆ 1988ರ ಗುತ್ತಿಗೆ ಎಂದರ್ಥ. ಹೊಲಿಗೆ ಅದರ ನಂತರದ ವರ್ಷದಲ್ಲೂ ಆಗಿರಬಹುದು. ದಾಸ್ತಾನಿನ ಸಂಖ್ಯೆ ಹದಿಮೂರು ಅಂಕಿಗಳದ್ದು. ಮೊದಲ ನಾಲ್ಕು, 8415, ವಿಶೇಷ ಉದ್ದೇಶದ ಉಡುಪು ಎಂಬ ವರ್ಗವನ್ನು ಸೂಚಿಸುತ್ತವೆ. ಅವುಗಳ ಬೆನ್ನಿಗೆ ಬರುವ 00 ಅಥವಾ 01 ಅಮೆರಿಕ ದೇಶದ ಸಂಕೇತ. ಇವು ಯಾವುವೂ ಇಲ್ಲದೆ ‘ಟೈಪ್ ಎ-2’ ಎಂದಷ್ಟೇ ದೊಡ್ಡಕ್ಷರಗಳಲ್ಲಿ ಬರೆದಿದ್ದರೆ ಅದು ಶೈಲಿಯ ಹೆಸರು ಮಾತ್ರ, ವಿತರಣೆಗೆ ಪುರಾವೆಯಲ್ಲ. ಸೇನೆಗೆ ಹೊಲಿಯುತ್ತಿದ್ದ ತಯಾರಕರೇ ಸಾರ್ವಜನಿಕರಿಗೂ ಅದೇ ಹೆಸರಿನಲ್ಲಿ ಮಾರುತ್ತಿದ್ದುದರಿಂದ ಗೊಂದಲ ಸಹಜ.

ಈ ಪಾಠ ನನಗೆ ದುಬಾರಿಯಾಗಿಯೇ ಸಿಕ್ಕಿತು. ಆನ್‌ಲೈನಿನಲ್ಲಿ ಮಾರಾಟಗಾರರೊಬ್ಬರು ‘ಸ್ಕ್ವಾಡ್ರನ್ನಿಗೆ ವಿತರಿಸಿದ್ದು’ ಎಂದು ಬರೆದಿದ್ದರು. ಚಿತ್ರಗಳಲ್ಲಿ ಎದೆಯ ಮೇಲಿನ ಲಾಂಛನಗಳೇ ತುಂಬಿದ್ದವು, ಕೊರಳಿನ ಚೀಟಿಯ ಚಿತ್ರ ಮಾತ್ರ ಇರಲಿಲ್ಲ. ಕೇಳಲು ಸಂಕೋಚವಾಗಿ ಕೊಂಡುಬಿಟ್ಟೆ. ಬಂದದ್ದು ತೆಳು ಕುರಿತೊಗಲಿನ, ಅಂಗಡಿಗೆಂದೇ ಹೊಲಿದ ಜಾಕೆಟ್. ಲಾಂಛನಗಳನ್ನು ಹೊಸ ದಾರದಿಂದ ಹೊಲಿಯಲಾಗಿತ್ತು, ಹಿಂಬದಿಯ ಅಸ್ತರಿನ ಮೇಲೆ ಆ ಬಿಳಿಯ ದಾರ ಎದ್ದು ಕಾಣುತ್ತಿತ್ತು. ಹಣ ಮರಳಿ ಬರಲಿಲ್ಲ. ಅಂದಿನಿಂದ ಚೀಟಿಯ ಚಿತ್ರ, ಒಳ ಅಸ್ತರಿನ ಚಿತ್ರ, ಎರಡೂ ಮಣಿಕಟ್ಟಿನ ಚಿತ್ರ ಈ ಮೂರನ್ನೂ ಕೇಳದೆ ಮುಂದುವರಿಯುವುದಿಲ್ಲ. ಚೀಟಿಯನ್ನೂ ಬೇರೆಡೆಯಿಂದ ಕಿತ್ತು ಹೊಲಿಯುವವರಿದ್ದಾರೆ. ಚೀಟಿಯ ಸವೆತವೂ ಅದರ ಸುತ್ತಲಿನ ತೊಗಲಿನ ಸವೆತವೂ ಒಂದೇ ವಯಸ್ಸಿನವೇ ಎಂದು ನೋಡಿಕೊಳ್ಳಬೇಕು.

ನನ್ನ 38ರ ಜಾಕೆಟ್ ಸಿಕ್ಕಿದ್ದು ಊರಿನ ಹಳೆಸಾಮಾನಿನ ಅಂಗಡಿಯಲ್ಲಿ, 180 ಡಾಲರಿಗೆ. ಎಡ ಎದೆಯ ಮೇಲೆ, ಎರಡು ಇಂಚು ಅಗಲ ನಾಲ್ಕು ಇಂಚು ಉದ್ದದ ತೊಗಲ ಹೆಸರುಪಟ್ಟಿ ಇನ್ನೂ ವೆಲ್ಕ್ರೋ ಮೇಲೆ ಅಂಟಿಕೊಂಡಿತ್ತು. ರೆಕ್ಕೆಗಳ ಲಾಂಛನ, ಒಬ್ಬ ಅಧಿಕಾರಿಯ ಹೆಸರು, ಹುದ್ದೆ. ಬಲ ಎದೆಯ ಮೇಲಿನ, ವಾಯುಪಡೆಯ ಯಾವ ವಿಭಾಗದವರೆಂದು ಹೇಳುವ ಕಮಾಂಡ್ ಲಾಂಛನವನ್ನು ಮಾತ್ರ ಯಾರೋ ತೆಗೆದಿದ್ದರು. ಹೆಸರುಪಟ್ಟಿಯನ್ನು ನಾನು ಅಂದೇ ಸಂಜೆ ಬಿಡಿಸಿ, ಕಾಗದದ ಲಕೋಟೆಯಲ್ಲಿಟ್ಟು, ಒಳಜೇಬಿಗೆ ಸೇರಿಸಿದೆ. ಜಾಕೆಟ್ ಯಾರ ಕೈಗೆ ಹೋದರೂ ಅದು ಜೊತೆಗೇ ಹೋಗಬೇಕು, ಆದರೆ ನನ್ನ ಎದೆಯ ಮೇಲೆ ಇರಬಾರದು. ಯಾರೋ ವರ್ಷಗಟ್ಟಲೆ ತರಬೇತಿ ಪಡೆದು ಗಳಿಸಿದ ರೆಕ್ಕೆಗಳನ್ನು ಧರಿಸಿ ತಿರುಗುವುದು ತರವಲ್ಲ. ಭಾರತಕ್ಕೆ ಒಯ್ಯುವವರು ಇನ್ನೊಂದನ್ನೂ ನೆನಪಿಡಬೇಕು: ಸೈನಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಸೈನಿಕನ ಉಡುಪನ್ನಾಗಲಿ ಗುರುತನ್ನಾಗಲಿ ಧರಿಸುವುದು ನಮ್ಮ ಕಾನೂನಿನಲ್ಲಿ ಅಪರಾಧ. ಲಾಂಛನವಿಲ್ಲದ ಬರಿಯ ಕಂದು ಜಾಕೆಟ್ಟಿಗೆ ಅಂಥ ತೊಡಕಿಲ್ಲ, ನೋಡಲೂ ಅದೇ ಚೆಂದ.

ಲಾಂಛನ ಹೊಲಿಸಬೇಕೆನಿಸಿದರೂ ತಡೆದುಕೊಳ್ಳಿ. ಬಟ್ಟೆಯಲ್ಲಿ ಸೂಜಿ ಹೋದ ಜಾಗ ಒಗೆತಕ್ಕೆ ಮುಚ್ಚಿಕೊಳ್ಳಬಹುದು. ತೊಗಲಿನಲ್ಲಿ ಅದು ಎಂದಿಗೂ ಕೂಡಿಕೊಳ್ಳುವುದಿಲ್ಲ. ನನ್ನ ಜಾಕೆಟ್ಟಿನ ಎಡ ಎದೆಯಲ್ಲಿ ಹೆಸರುಪಟ್ಟಿ ಇದ್ದಷ್ಟು ಜಾಗದ ಅಂಚು ಸುತ್ತಲಿನ ತೊಗಲಿಗಿಂತ ಒಂದು ಛಾಯೆ ಗಾಢವಾಗಿ ಉಳಿದಿದೆ. ಬಿಸಿಲು ತಾಗದೆ ಉಳಿದ ಆ ಗೆರೆಯಲ್ಲಿ, ಜಾಕೆಟ್ ಹೊಸತಾಗಿದ್ದಾಗಿನ ಬಣ್ಣ ಕಾಣುತ್ತದೆ. ಬಣ್ಣ ಬಳಿಸಿ ಅದನ್ನು ಮರೆಮಾಡಬಹುದೆಂದು ಅಂಗಡಿಯವರು ಹೇಳಿದರು. ನಾನು ಒಪ್ಪಲಿಲ್ಲ.

ಅಮೆರಿಕದ ನೌಕಾಪಡೆಯ ಜಿ-1 ಜಾಕೆಟ್ಟಿನ ಬಗ್ಗೆ ಒಂದೆರಡು ಮಾತು. ಅದೂ ಆಡಿನ ತೊಗಲಿನದೇ, ಅದಕ್ಕೆ ಉಣ್ಣೆಯಂಥ ರೋಮದ ಕಾಲರ್ ಇದೆ, ಗಾಳಿಪಟ್ಟಿಯ ಮೇಲೆ ‘ಯುಎಸ್‌ಎನ್’ ಎಂಬ ಅಕ್ಷರಗಳನ್ನು ಸಣ್ಣ ರಂಧ್ರಗಳಿಂದ ಮೂಡಿಸಿರುತ್ತಾರೆ. ಬೆನ್ನಿನ ಎರಡೂ ಬದಿಗೆ ಇರುವ ನೆರಿಗೆಗಳಿಂದಾಗಿ ತೋಳು ಚಾಚಿದಾಗ ಬೆನ್ನು ಬಿಗಿಯುವುದಿಲ್ಲ. ಎ-2ರ ಬೆನ್ನಿನಲ್ಲಿ ಆ ಅನುಕೂಲವಿಲ್ಲ. ಉಡುಪಾಗಿ ನೋಡಿದರೆ ಜಿ-1ರ ವಿನ್ಯಾಸವೇ ಹೆಚ್ಚು ಜಾಣತನದ್ದು ಎಂದು ಒಪ್ಪಲೇಬೇಕು. ಆದರೂ ನಾನು ಎ-2ರ ಕಡೆಯವನು. ರೋಮದ ಕಾಲರ್ ಕೊರಳಿಗೆ ಚುಚ್ಚುತ್ತದೆ, ಮಾರ್ಚ್ ಬಂತೆಂದರೆ ಸೆಕೆಯಾಗುತ್ತದೆ, ಬೆಂಗಳೂರಿಗಂತೂ ಅದು ಹೇಳಿಸಿದ್ದಲ್ಲ.

ಬೆಂಗಳೂರಿಗೂ ಎ-2ಗೂ ಹಳೆಯ ನಂಟಿದೆ, ಅದನ್ನು ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಯುದ್ಧದ ನಡುವೆ, 1943ರಲ್ಲಿ, ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಅಮೆರಿಕದ ಆರ್ಮಿ ಏರ್ ಫೋರ್ಸಸ್ ವಶಕ್ಕೆ ಕೊಡಲಾಯಿತು. 84ನೆಯ ಏರ್ ಡಿಪೋ ಎಂಬ ಹೆಸರಿನಲ್ಲಿ ಅದು ಚೀನಾ, ಬರ್ಮಾ, ಭಾರತ ಯುದ್ಧರಂಗದ ಅಮೆರಿಕನ್ ವಿಮಾನಗಳನ್ನು ಬಿಚ್ಚಿ ದುರಸ್ತಿ ಮಾಡುವ ದೊಡ್ಡ ಕೇಂದ್ರವಾಯಿತು. ಮೊದಲು ಬಂದದ್ದು ಕ್ಯಾಟಲೀನಾ ಎಂಬ ನೀರಿನ ಮೇಲೆ ಇಳಿಯುವ ವಿಮಾನ. ಎ-2 ತೊಡುತ್ತಿದ್ದ ಪೀಳಿಗೆಯ ವಿಮಾನಿಗಳು ಹೀಗೆ ಬೆಂಗಳೂರಿನ ನೆಲಕ್ಕೆ ಇಳಿದುಹೋದವರು. ಆ ರಂಗದಲ್ಲಿ ಸೇವೆ ಸಲ್ಲಿಸಿದವರ ಜಾಕೆಟ್ಟುಗಳ ಮೇಲೆ ಚೀನಾದ ಸೂರ್ಯ, ಭಾರತದ ನಕ್ಷತ್ರ, ಅವುಗಳ ಕೆಳಗೆ ಕೆಂಪು ಬಿಳಿ ಪಟ್ಟೆಗಳಿದ್ದ ಗುರಾಣಿಯಾಕಾರದ ಲಾಂಛನ ಇರುತ್ತಿತ್ತು. ಅವುಗಳಲ್ಲಿ ಹಲವನ್ನು ನಮ್ಮ ದೇಶದ ಕುಶಲಕರ್ಮಿಗಳೇ ತೊಗಲಿನಲ್ಲಿ ಕತ್ತರಿಸಿ ಹೊಲಿದುಕೊಟ್ಟಿದ್ದರು. ಡೇಟನ್ನಿನ ವಾಯುಪಡೆ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಪ್ರವೇಶ ಉಚಿತ. ಯುದ್ಧಕಾಲದ ಎ-2ಗಳನ್ನು ಅಲ್ಲಿ ನೋಡಿದ ಮೇಲೆ ಇಂದಿನದನ್ನು ಕೈಗೆತ್ತಿಕೊಂಡರೆ, ಏನು ಉಳಿದಿದೆ ಏನು ಹೋಗಿದೆ ಎಂಬುದು ಚೀಟಿ ಓದದೆಯೂ ತಿಳಿಯುತ್ತದೆ.

ಬೆಚ್ಚಗಿಡುವ ಶಕ್ತಿಯ ಬಗ್ಗೆ ಅತಿಯಾಗಿ ನಿರೀಕ್ಷಿಸಬೇಡಿ. ಐದರಿಂದ ಹದಿನೈದು ಡಿಗ್ರಿಯವರೆಗೆ ಅಂಗಿಯ ಮೇಲೆ ಇದೊಂದೇ ಸಾಕು; ಸೊನ್ನೆಯ ಬಳಿ ಸ್ವೆಟರ್ ಬೇಕು; ಅದಕ್ಕೂ ಕೆಳಗೆ ಹೋದರೆ ಬೇರೆ ಕೋಟು ತೆಗೆಯುವುದೇ ಲೇಸು. ಗಾಳಿಯನ್ನು ಮಾತ್ರ ಚೆನ್ನಾಗಿ ತಡೆಯುತ್ತದೆ. ಬೆಂಗಳೂರಿನ ಡಿಸೆಂಬರ್, ಜನವರಿಯ ಮುಂಜಾವಿಗೆ, ಕೊಡಗು ಚಿಕ್ಕಮಗಳೂರುಗಳ ರಾತ್ರಿಗೆ ಹೇಳಿ ಮಾಡಿಸಿದಂತಿದೆ. ಅಲ್ಲಿ ಅದರ ವೈರಿ ಮಳೆಗಾಲ. ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಹಾಸನದ ಮನೆಯ ಗೋಡೆಬೀರುವಿನಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ತೂಗುಹಾಕಿ ಹದಿನೈದು ದಿನ ಬಿಟ್ಟಿದ್ದಕ್ಕೆ ಕಾಲರಿನ ಅಡಿಯಲ್ಲಿ ಬಿಳಿಯ ಬೂಷ್ಟು ಹಿಡಿದಿತ್ತು. ಒಣ ಹತ್ತಿಬಟ್ಟೆಯಿಂದ ಒರೆಸಿ, ನೆರಳಿನ ಗಾಳಿಯಲ್ಲಿ ಎರಡು ದಿನ ಇಟ್ಟ ಮೇಲೆ ಹೋಯಿತು. ತೊಗಲು ಉಸಿರಾಡಬೇಕು: ಹಳೆಯ ಪಂಚೆಯಲ್ಲಿ ಸಡಿಲವಾಗಿ ಸುತ್ತಿ, ಅಗಲ ಭುಜದ ಮರದ ಹ್ಯಾಂಗರಿಗೆ ಹಾಕಿ, ಬಾಗಿಲು ಆಗಾಗ ತೆರೆಯುವ ಕಡೆ ಇಡಿ. ನೇರ ಬಿಸಿಲು, ಹೀಟರಿನ ಬಿಸಿ ಎರಡೂ ಬೇಡ. ವರ್ಷಕ್ಕೊಮ್ಮೆ, ಅದೂ ಒಣಗಿದಂತೆ ಕಂಡರೆ ಮಾತ್ರ, ತೊಗಲಿನ ಕ್ರೀಮನ್ನು ಬೆರಳ ತುದಿಯಷ್ಟು ಹಚ್ಚಿದರೆ ಸಾಕು. ಎಣ್ಣೆ ಕುಡಿಸಿದರೆ ತೊಗಲು ಕಪ್ಪಾಗಿ ಸೋಲುತ್ತದೆ.

ಮೊದಲು ಸೋಲುವುದು ತೊಗಲಲ್ಲ, ಹೆಣಿಗೆಯ ಪಟ್ಟಿ. ನನ್ನ ಬಲ ಮಣಿಕಟ್ಟಿನ ಪಟ್ಟಿ, ದಿನವೂ ಮೇಜಿನ ಅಂಚಿಗೆ ಉಜ್ಜಿ, ನಾಲ್ಕನೆಯ ವರ್ಷ ಎಳೆ ಬಿಟ್ಟಿತು. ಹಳೆಯ ಹೊಲಿಗೆಯ ರಂಧ್ರಗಳಲ್ಲೇ ಸೂಜಿ ಹಾಯಿಸಬೇಕು, ಹೊಸ ರಂಧ್ರ ಮಾಡಬಾರದು ಎಂದು ಷರತ್ತು ಹಾಕಿ ಚರ್ಮದ ಕೆಲಸ ಬಲ್ಲ ಒಬ್ಬ ದರ್ಜಿಗೆ ಕೊಟ್ಟೆ. ಅವರು ಭೂತಗನ್ನಡಿ ಹಿಡಿದು, ಹೊಲಿಗೆಯಂತ್ರದ ಗಾಲಿಯನ್ನು ಕೈಯಿಂದಲೇ ತಿರುಗಿಸುತ್ತ, ಒಂದೊಂದೇ ರಂಧ್ರ ಹುಡುಕಿ ಮಧ್ಯಾಹ್ನ ಪೂರ್ತಿ ಕೂತು ಹೊಲಿದರು. ಹೊಸ ಪಟ್ಟಿಯ ಕಂದು ಇನ್ನೂ ಎಡಗೈಯದಕ್ಕಿಂತ ತುಸು ಕೆಂಪಾಗಿದೆ. ಎಡಗೈಯ ಪಟ್ಟಿಯಲ್ಲೂ ಈ ಚಳಿಗಾಲ ಒಂದು ಎಳೆ ಸಡಿಲಿಸಿದೆ. ಅಕ್ಟೋಬರಿಗೆ ಮೊದಲು ಅದನ್ನೂ ಅವರಿಗೇ ಒಯ್ದು ಕೊಡಬೇಕು.